ಹಲಸು, ಹುಣಸೆ ಮತ್ತು ಒಂದು ಫ್ಯೂಸು

ತಳಿ
9 ಜೂನ್ 2024

ಸೂಳಗಿರಿಯ ಆವುಲಪ್ಪ ಮಾವನಿಗೆ ಶ್ಯಾಮಲಾಳ ನಮಸ್ಕಾರಗಳು.

ಇಲ್ಲಿ ನಾನು, ನಿಮ್ಮ ಅಳಿಯ ವೇಣು, ಅತ್ತೆ ಎಲ್ಲರೂ ಚೆನ್ನಾಗಿದ್ದೇವೆ. ಕರೆಂಟು ಮಾತ್ರ ಚೆನ್ನಾಗಿಲ್ಲ. ಅದರ ಕಥೆ ಹೇಳಲಿಕ್ಕೇ ಈ ಕಾಗದ. ಫೋನಿನಲ್ಲಿ ಎಷ್ಟು ಕೂಗಿದರೂ ನಿಮ್ಮ ಕಿವಿಗೆ ಬೀಳುವುದಿಲ್ಲ, ನಿಮ್ಮ ಬಟನ್ ಫೋನಿಗೆ ಫೋಟೋ ಕಳಿಸೋಣವೆಂದರೆ ಅದಕ್ಕೂ ಕಣ್ಣಿಲ್ಲ. ನಾನು ಓದಿದ್ದು ತಮಿಳು ಶಾಲೆಯಲ್ಲಿ. ಕನ್ನಡ ಅಕ್ಷರ ಕಲಿಸಿದ್ದು ನೀವು, ಕೊಯ್ದ ಹಲಗೆಗಳ ಮೇಲೆ ಬಡಗಿ ಪೆನ್ಸಿಲಿನಲ್ಲಿ ಬರೆದು ಬರೆದು. ಆದ್ದರಿಂದ ತಪ್ಪು ಕಂಡರೆ ಮೇಷ್ಟ್ರನ್ನೇ ಬೈದುಕೊಳ್ಳಿ.

ನಾನು ಕೆಲಸ ಮಾಡುತ್ತಿದ್ದ ಹೊಸೂರಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಲೈನನ್ನೇ ಎತ್ತಿಕೊಂಡು ಬೇರೆ ಕಡೆ ಹೋದರು. ಮನೆಯಲ್ಲಿ ಕೂತು ನೊಣ ಹೊಡೆಯುವವಳು ನಾನಲ್ಲ ಎಂದು ನಿಮಗೆ ಗೊತ್ತು. ಹಿತ್ತಲಿನಲ್ಲಿ ಖಾಲಿ ಬಿದ್ದಿದ್ದ ದನದ ಕೊಟ್ಟಿಗೆಯನ್ನು ತೊಳೆದು, ಸುಣ್ಣ ಬಳಿದು ಶೆಡ್ ಮಾಡಿಕೊಂಡಿದ್ದೇನೆ. ಒಂದು ಹಳೆಯ ಕಟಿಂಗ್ ಮೆಷಿನ್ ತಂದಿದ್ದೇವೆ, ಮೇಜಿನ ನಡುವೆ ದುಂಡನೆಯ ಬ್ಲೇಡು ತಿರುಗುತ್ತದಲ್ಲ, ಅದು. ಹಲಸು, ಮಾವು, ಹುಣಸೆ ಮೂರೂ ಮರದ ಪಟ್ಟಿಗಳನ್ನು ಕೊಯ್ದು, ಪಕ್ಕಪಕ್ಕ ಅಂಟಿಸಿ, ತರಕಾರಿ ಹೆಚ್ಚುವ ಅಂದದ ಹಲಗೆ ಮಾಡಬೇಕೆಂದು ಆಸೆ. ಹೊಸೂರಿನಲ್ಲಿ ಅಂಗಡಿ ಇಟ್ಟಿರುವ ನಂದಿತಾ ಎಂಬವರು ದೀಪಾವಳಿಗೆ ಎರಡು ಡಜನ್ ಬೇಕು ಎಂದಿದ್ದಾರೆ.

ನಮ್ಮ ಅತ್ತೆ ಆದಿಲಕ್ಷ್ಮಮ್ಮನವರಿಗೆ ಮೊದಲು ನಗು ಬಂತು. "ತರ್ಕಾರಿ ಕುಯ್ಯಕ್ಕೆ ಈಳಿಗೆಮಣೆ ಇಲ್ವಾ? ಹಲ್ಗೆ ಮ್ಯಾಲೆ ಇಟ್ಟು ಕೊಚ್ಚಕ್ಕೆ ಅದೇನು ಮಟನ್ನಾ?" ಅಂದರು. ಆಮೇಲೆ ಮೆಷಿನ್ ಬಂತು. ಬ್ಲೇಡು ನೋಡಿದ ಕೂಡಲೇ ನಗು ನಿಂತುಹೋಯಿತು. ಸ್ಟೂಲು ಹತ್ತಿ, ಶೆಡ್ಡಿನ ಮೆಷಿನ್ ಲೈನಿನ ಬಿಳಿ ಪಿಂಗಾಣಿ ಫ್ಯೂಸನ್ನು ಕಿತ್ತು, ಸೀರೆ ಸೆರಗಿನಲ್ಲಿ ಗಂಟು ಹಾಕಿಕೊಂಡುಬಿಟ್ಟರು. "ನಿಮ್ಮ ಸೋದರಮಾವ ಎಂಥಾ ಮೇಸ್ತ್ರಿ! ಅಂಥೋರೇ ಎಲ್ಡು ಬೆರ್ಳು ಕಳ್ಕಂಡವ್ರೆ. ಅವ್ರು ಬಂದು ಕಣ್ಣಾರೆ ನೋಡಿ ಸೈ ಅನ್ನೋಗಂಟ ಇದುಕ್ಕೆ ಕರೆಂಟಿಲ್ಲ. ದೀಪಾವಳಿಗಂಟ ಕಾಯ್ತೀನಿ, ಆಮ್ಯಾಕೆ ಕೊಟ್ಗೇಗೆ ಹಸ ತತ್ತೀನಿ" ಅಂದಿದ್ದಾರೆ.

ಸ್ನಾನಕ್ಕೆ ಹೋಗುವಾಗಲೂ ಫ್ಯೂಸನ್ನು ಬಿಡುವುದಿಲ್ಲ ಮಾವ. ನೀವು ಒಂದು ದಿನ ಬನ್ನಿ. ಒಂದೇ ದಿನ.

ನಿಮ್ಮ ಅಕ್ಕನ ಮಗಳು,
ಶ್ಯಾಮಲಾ


ಸೂಳಗಿರಿ
21 ಜೂನ್ 2024

ಶ್ಯಾಮಲಾ,

ನಾನು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೂ ಆಸೆ ಇಟ್ಟುಕೊಂಡು ಓದಬೇಡ.

ಅಂಥ ಮೆಷಿನ್ ಇರುವ ಕಡೆ ನಾನು ಕಾಲಿಟ್ಟು ಒಂಬತ್ತು ವರ್ಷವಾಯಿತು. ನಿಮ್ಮಪ್ಪನೂ ನಾನೂ ಒಂದು ಸೂರಿನ ಕೆಳಗೆ ನಿಂತೂ ಅಷ್ಟೇ ವರ್ಷವಾಯಿತು. ಅವರು ಪ್ರತಿ ಭಾನುವಾರ ನಿಮ್ಮ ಮನೆಗೆ ಬರುತ್ತಾರೆಂದು ಕೇಳಿದ್ದೇನೆ. ನಾವಿಬ್ಬರೂ ಸೇರಿ ಇಲ್ಲಿ ಕಾರ್ಖಾನೆಗಳಿಗೆ ಮರದ ಪೆಟ್ಟಿಗೆ ಮಾಡಿಕೊಡುತ್ತಿದ್ದುದು, ನಾನು ಬ್ಲೇಡಿನ ಹತ್ತಿರ ಕೈ ಇಟ್ಟಿದ್ದಾಗ ಅವರು ಸ್ವಿಚ್ ಹಾಕಿದ್ದು, ಶೆಡ್ ಮುಚ್ಚಿದ್ದು, ಎಲ್ಲ ನಿನಗೆ ಗೊತ್ತಿರುವುದೇ. ಅದನ್ನು ಮತ್ತೆ ಕೆದಕುವುದು ಬೇಡ.

ಆದರೆ ಅಕ್ಷರ ಕಲಿಸಿದ ಮೇಲೆ ಇದನ್ನೂ ಹೇಳಬೇಕಾಗುತ್ತದೆ. ಮೊದಲು ಕಿವಿ. ಎಲ್ಲರೂ ಬೆರಳಿಗೆ ಹೆದರುತ್ತಾರೆ, ಕಿವಿಯನ್ನು ಯಾರೂ ಕೇಳುವುದಿಲ್ಲ. ಮೂವತ್ತು ವರ್ಷ ಆ ಸದ್ದಿನ ಪಕ್ಕದಲ್ಲಿ ಬರಿಗಿವಿಯಲ್ಲಿ ನಿಂತೆ. ಈಗ ನಮ್ಮ ಮನೆಯವಳು ಗಂಗಾದೇವಿ ಊಟಕ್ಕೆ ಕರೆಯಬೇಕಾದರೆ ನನ್ನ ಎದುರಿಗೆ ಬಂದು ತಟ್ಟೆ ಎತ್ತಿ ತೋರಿಸಬೇಕು. ಕಿವಿ ಮುಚ್ಚುವ ದೊಡ್ಡ ಮುಚ್ಚಳಗಳು ಹೊಸೂರಿನಲ್ಲಿ ಸಿಗುತ್ತವೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು. ಹುಣಸೆ ಮರದ ಧೂಳು ಎದೆಯೊಳಗೆ ಹೋದರೆ ಸುಲಭಕ್ಕೆ ಬಿಡುವುದಿಲ್ಲ.

ಸೀರೆ ಉಟ್ಟು ಮೆಷಿನ್ ಹತ್ತಿರ ಹೋಗಬೇಡ. ಚೂಡಿದಾರ ಸರಿ, ವೇಲ್ ಇರಕೂಡದು. ಕೂದಲು ಗಂಟು ಹಾಕು. ತಾಳಿ ಸರ ಬಟ್ಟೆಯೊಳಗೆ. ಬಳೆ ಬಿಚ್ಚಿಡು. ಗ್ಲೌಸ್ ಹಾಕಿದರೆ ಕೈಗೆ ಕಾವಲು ಎಂದು ಯಾರಾದರೂ ಹೇಳಿದರೆ ನಂಬಬೇಡ, ಅದರ ಒಂದು ನೂಲು ಸಿಕ್ಕಿದರೆ ಸಾಕು, ಬ್ಲೇಡು ಇಡೀ ಕೈಯನ್ನೇ ಎಳೆದುಕೊಳ್ಳುತ್ತದೆ. ಸಣ್ಣ ಪಟ್ಟಿ ಕೊಯ್ಯುವಾಗ ಕೈಯಿಂದ ತಳ್ಳಕೂಡದು, ಅದಕ್ಕೆ ಒಂದು ಮರದ ಕೋಲು ಮಾಡಿಕೋ.

ಮರವನ್ನು ಚೆನ್ನಾಗಿ ಆರಿಸಿದ್ದೀಯ. ಮಟನ್ ಅಂಗಡಿಯವರ ಕೊರಡು ಹುಣಸೆಯದೇ, ಎಷ್ಟು ಏಟು ಬಿದ್ದರೂ ಸೀಳುವುದಿಲ್ಲ. ಹಳೇ ಮರವಾದರೆ ಮೊದಲು ಮೊಳೆ ಹುಡುಕು. ಕಣಗಿಲೆಯ ಕಡ್ಡಿಯನ್ನು ಅಂದಕ್ಕೆಂದೂ ಸೇರಿಸಬೇಡ, ಅದು ವಿಷ. ಮೇಲೆ ವಾರ್ನಿಶ್ ಬೇಡ, ಹೊಂಗೆ ಎಣ್ಣೆ ಬೇಡ, ತಿನ್ನುವ ಪದಾರ್ಥ ಇಡುವ ಜಾಗ ಅದು. ಹುಚ್ಚೆಳ್ಳೆಣ್ಣೆಯನ್ನು ತೆಳ್ಳಗೆ ಸವರಿ ಒಣಗಿಸಿ, ಮೇಲೆ ಜೇನುಮೇಣ ಉಜ್ಜು.

ಶೆಡ್ಡಿನ ಚಿತ್ರ ಬರೆದು ಕಳಿಸು. ಬಾಗಿಲು ಎಲ್ಲಿ, ಬೆಳಕು ಎಲ್ಲಿಂದ, ಸ್ವಿಚ್ ಎಲ್ಲಿ, ಎಲ್ಲ ಗುರುತು ಹಾಕು. ಇಲ್ಲಿ ಕೂತೇ ನೋಡುತ್ತೇನೆ.

ಆವುಲಪ್ಪ


ತಳಿ
14 ಜುಲೈ 2024

ಮಾವನಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಕಿವಿಯ ಮಾತಿಗೆ ತಲೆದೂಗಿದರು, ಕಣಗಿಲೆಗೆ "ಹೌದೌದು" ಅಂದರು. ಬಳೆ ಬಿಚ್ಚುವ ಜಾಗಕ್ಕೆ ಬಂದಾಗ ನಿಲ್ಲಿಸಿಬಿಟ್ಟರು. "ಗಂಡ ಗುಂಡ್ಕಲ್ಲಂಗೆ ಎದ್ರಿಗವ್ನೆ, ನೀನು ಬರಿಗೈಲಿ ನಿಂತ್ಕಂತೀಯಾ?" ಮೂರು ದಿನ ನನ್ನ ಕೈಯಿಂದ ಕಾಫಿ ತೆಗೆದುಕೊಳ್ಳಲಿಲ್ಲ. ವೇಣುವೇ ಮಾಡಿಕೊಟ್ಟ, ಅದು ಕುಡಿಯುವ ಹಾಗಿರಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಎದ್ದವರೇ ತಮ್ಮ ಮುಂಗೈ ಚಾಚಿ ತೋರಿಸಿದರು. ಅವರ ಕೈಯ ಹಸಿರು ಹಚ್ಚೆ ನೀವು ನೋಡಿದ್ದೀರಲ್ಲ, ಮಣಿಕಟ್ಟಿನ ಸುತ್ತ ಚುಕ್ಕಿ ಸಾಲು. "ಇದ ಹಾಕ್ಸ್ಕೋ. ಇದ ಯಾವ ಮಿಷನ್ನೂ ಎಳಿಯಲ್ಲ, ಯಾವ ಕಳ್ಳನೂ ಬಿಚ್ಚಲ್ಲ" ಅಂದರು.

ಹೊಸೂರಿಗೆ ಹೋಗಿ ಹಾಕಿಸಿಕೊಂಡು ಬಂದೆ ಮಾವ! ಎರಡೂ ಕೈಗೆ ಎರಡೆರಡು ಗೆರೆ, ನಡುವೆ ಚುಕ್ಕಿ. ಅತ್ತೆಯೂ ಜೊತೆಗೆ ಬಂದು, ಹಚ್ಚೆ ಹಾಕುವ ಹುಡುಗನಿಗೆ ಚುಕ್ಕಿ ಹೇಗಿರಬೇಕೆಂದು ತಮಿಳು, ತೆಲುಗು, ಕನ್ನಡ ಮೂರರಲ್ಲೂ ಪಾಠ ಮಾಡಿದರು. ನನಗೆ ಕಣ್ಣಲ್ಲಿ ನೀರು ಬಂತು, ಅರ್ಧ ನೋವಿಗೆ, ಅರ್ಧ ಸಂತೋಷಕ್ಕೆ. ಈಗ ಬಳೆ ಬಿಚ್ಚಿದರೂ ಬರಿಗೈ ಅಲ್ಲ.

ಶೆಡ್ಡಿನ ಚಿತ್ರ ಇದರ ಜೊತೆಗಿದೆ. ಬಾಗಿಲು ಪೂರ್ವಕ್ಕೆ. ಕಿಟಕಿ ಎಡಗಡೆ. ಬಲಗಡೆ ಗೋಡೆಯಲ್ಲಿ ಚೌಕ ಬರೆದು ಕೆಂಪು ಮಾಡಿದ್ದೇನಲ್ಲ, ಅದು ವೇಣುವಿನ ಬುದ್ಧಿವಂತಿಕೆ. ತೋಟದ ಬೋರ್‌ವೆಲ್ಲಿಗೆ ಹಾಕಿದ್ದ ಆಟೋ ಪೆಟ್ಟಿಗೆ ಒಂದು ಹೆಚ್ಚಿಗೆ ಇತ್ತು. ಕರೆಂಟು ಹೋಗಿ ಬಂದರೆ ಮೋಟರು ತಾನಾಗಿ ಓಡುವ ಹಾಗೆ ಮಾಡುತ್ತದಲ್ಲ, ಅದೇ. ಅದನ್ನು ತಂದು ನನ್ನ ಮೆಷಿನ್ನಿಗೆ ಕೂರಿಸಿದ್ದಾನೆ. "ದಿನಾ ಹತ್ತು ಸಲ ಕರೆಂಟು ಹೋಗ್ತದೆ. ನೀನು ಎಷ್ಟು ಸಲ ಓಡಾಡ್ತೀಯಾ? ಬಂದೇಟ್ಗೆ ಅದೇ ಓಡ್ತದೆ ಬಿಡು" ಅಂದ. ಫ್ಯೂಸು ಅತ್ತೆಯ ಸೆರಗಿನಲ್ಲಿರುವುದರಿಂದ ಇನ್ನೂ ಓಡಿಸಿ ನೋಡಿಲ್ಲ.

ಅಪ್ಪ ಭಾನುವಾರ ತೊರಪಲ್ಲಿಯಿಂದ ಗುಲಾಬಿ ಗಿಡ ತಂದಿದ್ದರು. ಶೆಡ್ ನೋಡಿ ಬನ್ನಿ ಅಂದೆ. ಹೊಸ್ತಿಲವರೆಗೆ ಬಂದು, ಕೈ ಎರಡೂ ಬೆನ್ನಿನ ಹಿಂದೆ ಕಟ್ಟಿಕೊಂಡು ನಿಂತರು. ಒಳಗೆ ಬರಲೇ ಇಲ್ಲ.

ಬೆರಳು ಹೋದ ದಿನ ಏನಾಯಿತು ಮಾವ? ಊರೆಲ್ಲ ಹೇಳುವುದನ್ನು ಕೇಳಿದ್ದೇನೆ, ನಿಮ್ಮ ಬಾಯಿಂದ ಕೇಳಿಲ್ಲ. ಅದೇ ಕೆಲಸಕ್ಕೆ ಕೈ ಹಾಕುವವಳು, ತಿಳಿದುಕೊಂಡರೆ ಒಳ್ಳೆಯದಲ್ಲವೇ?

ಶ್ಯಾಮಲಾ


ಸೂಳಗಿರಿ
18 ಜುಲೈ 2024

ಶ್ಯಾಮಲಾ,

ಕಾಗದ ಕೈಗೆ ಸಿಕ್ಕಿದ ಕೂಡಲೇ ಆ ಆಟೋ ಪೆಟ್ಟಿಗೆಯನ್ನು ಕಿತ್ತು ಹಾಕಿಸು. ನಾಳೆ ಅಲ್ಲ, ಊಟವಾದ ಮೇಲೆ ಅಲ್ಲ. ವೇಣು ಮಾಡಿದ್ದು ಪ್ರೀತಿಯಿಂದಲೇ, ಅದಕ್ಕೆ ಅವನನ್ನು ಬೈಯಬೇಡ. ನೀರಿನ ಪಂಪು ತಾನಾಗಿ ಓಡಿದರೆ ಗದ್ದೆಗೆ ನೀರು ಬರುತ್ತದೆ. ಬ್ಲೇಡು ತಾನಾಗಿ ಓಡಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿಲ್ಲ, ನನಗೆ ಗೊತ್ತು. ಕರೆಂಟು ಹೋಗಿ ಬಂದರೂ ಹಸಿರು ಗುಂಡಿ ಒತ್ತುವ ತನಕ ಮೆಷಿನ್ ಅಲುಗಬಾರದು. ಅಂಥ ಸ್ಟಾರ್ಟರ್ ಹಾಕಿಸು. ಕರೆಂಟು ಹೋದ ಕೂಡಲೇ ಕೆಂಪು ಗುಂಡಿ ಒತ್ತಿ, ಪ್ಲಗ್ ಕಿತ್ತು, ಆಮೇಲೆ ಬ್ಲೇಡಿನ ಕಡೆ ನೋಡು.

ಆದಿಲಕ್ಷ್ಮಮ್ಮನವರಿಗೆ ನನ್ನ ಕೈಮುಗಿದ ನಮಸ್ಕಾರ ಹೇಳು. ಆ ಫ್ಯೂಸಿಗೆ ಇನ್ನೂ ಎರಡು ಗಂಟು ಬಿಗಿಯಲಿ.

ಆವುಲಪ್ಪ


ತಳಿ
11 ಆಗಸ್ಟ್ 2024

ಮಾವನಿಗೆ ನಮಸ್ಕಾರ.

ಪೆಟ್ಟಿಗೆ ಕಿತ್ತಾಯಿತು. ಸ್ಟಾರ್ಟರ್ ಕೂರಿಸಿ, ಹಸಿರು ಗುಂಡಿ, ಕೆಂಪು ಗುಂಡಿ ಎರಡೂ ಸಿದ್ಧವಾಗಿ ನಿಂತಿವೆ, ಒತ್ತುವವರಿಲ್ಲ. ನಿಮ್ಮ ನಮಸ್ಕಾರ ಕೇಳಿ ಅತ್ತೆ ಬೀಗಿ ಹೋಗಿದ್ದಾರೆ. ಬಂದವರಿಗೆಲ್ಲ ಸೆರಗಿನ ಗಂಟು ತೋರಿಸಿ "ಸೂಳಗಿರಿ ಮೇಸ್ತ್ರಿ ಕೈ ಮುಗ್ದವ್ರೆ ನಂಗೆ" ಎನ್ನುತ್ತಿದ್ದಾರೆ.

ಮೆಷಿನ್ ಓಡದಿದ್ದರೆ ಬೇಡವೆಂದು ಒಂದು ಹಲಗೆಯನ್ನು ಕೈಗರಗಸದಲ್ಲೇ ಮಾಡಿದೆ. ಹದಿನೆಂಟು ದಿನ ಹಿಡಿಯಿತು. ಹಲಸಿನ ಹಳದಿ, ಹುಣಸೆಯ ಕಪ್ಪುಗೆಂಪು, ಮಾವಿನ ತೆಳು ಬಣ್ಣ, ಮೂರೂ ಪಟ್ಟಿಗಳನ್ನು ಅಂಟಿಸಿ ಒಂದು ದಿನ ಬಿಗಿ ಹಾಕಿ ಇಟ್ಟೆ. ಬಿಚ್ಚಿ ತೋಪಡ ಹೊಡೆದು ನಯ ಮಾಡಿ, ಉಪ್ಪು ಕಾಗದ ಉಜ್ಜಿ, ನೀವು ಹೇಳಿದ ಹಾಗೆ ಹುಚ್ಚೆಳ್ಳೆಣ್ಣೆ ಸವರಿದೆ. ಎಣ್ಣೆ ಬಿದ್ದ ಕೂಡಲೇ ಹಲಸು ಅರಿಶಿನದ ಹಾಗೆ ಎದ್ದು ಕಂಡಿತು. ನಾನು ಒಬ್ಬಳೇ ಶೆಡ್ಡಿನಲ್ಲಿ ಕುಣಿದೆ ಮಾವ, ನಿಜವಾಗಿ ಕುಣಿದೆ. ವೇಣು ಆ ಕಡೆ ಬರುತ್ತಾನೆ, ಅವನ ಕೈಯಲ್ಲಿ ಅದನ್ನು ನಿಮಗೆ ಕಳಿಸುತ್ತಿದ್ದೇನೆ. ಆದರೆ ಹೀಗೆ ಹದಿನೆಂಟು ದಿನಕ್ಕೊಂದು ಮಾಡಿದರೆ ಎರಡು ಡಜನ್ ಮುಗಿಯುವುದು ಮುಂದಿನ ವರ್ಷದ ದೀಪಾವಳಿಗೇ. ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಹಸು ಕರು ಹಾಕಿರುತ್ತದೆ.

ಒಂದು ಮಾತು ಬರೆಯಲೋ ಬೇಡವೋ ಎಂದು ಮೂರು ಸಲ ಪೆನ್ನು ಕೆಳಗಿಟ್ಟೆ.

ಕಳೆದ ಭಾನುವಾರ ಅಪ್ಪ ಬಂದಾಗ ಮೋಡ ಕವಿದು ಶೆಡ್ ಕತ್ತಲಾಗಿತ್ತು. ನನ್ನ ಎರಡೂ ಕೈ ಅಂಟಿನಲ್ಲಿದ್ದವು. "ಅಪ್ಪಾ, ಬಾಗಿಲ ಪಕ್ಕದ ಬಲ್ಬಿನ ಸ್ವಿಚ್ ಹಾಕಿ" ಅಂದೆ. ಅಷ್ಟೇ. ಅಪ್ಪ ಅಲ್ಲಿಂದ ಹೋಗಿ ಬಾವಿಕಟ್ಟೆಯ ಹತ್ತಿರ ಕೂತುಬಿಟ್ಟರು. ಹಿಂದೆಯೇ ಹೋಗಿ ಕೇಳಿದೆ. "ಈ ಕೈ ಸರಿ ಇಲ್ಲ ಕಣಮ್ಮ. ಅವತ್ತು ಡಬ್ಬಿ ತಕ್ಕಳಕ್ಕೆ ಹೋದೆ, ಸ್ವಿಚ್ ಮುಟ್ಟಿದ್ದು ನಂಗೆ ಗ್ಯಾಪ್ಕ ಇಲ್ಲ. ಮೊಣಕೈ ತಾಗ್ತೋ ಏನೋ. ಆವುಲಪ್ಪ ಕಣ್ಣಾರೆ ಕಂಡೋನು, ಅವ್ನು ಅಂದ್ಮೇಲೆ ನಾನೇ ಹಾಕಿರ್ಬೇಕು" ಅಂದರು.

ಆಮೇಲೆ ಅಮ್ಮನನ್ನು ಕೇಳಿದೆ. ಒಂಬತ್ತು ವರ್ಷದಿಂದ ತೋಟದ ಪಂಪನ್ನು ಶುರು ಮಾಡುವುದು ಅಮ್ಮನೇ ಅಂತೆ. ಮನೆಯಲ್ಲಿ ಮಿಕ್ಸಿಯ ಸ್ವಿಚ್ಚನ್ನೂ ಅಪ್ಪ ಮುಟ್ಟುವುದಿಲ್ಲವಂತೆ. ನನಗೆ ಇದು ಇಷ್ಟು ದಿನ ಗೊತ್ತೇ ಇರಲಿಲ್ಲ. ನಾನೆಂಥ ಮಗಳು ಎಂದು ಅಳು ಬಂತು.

ಅಪ್ಪನ ಮೇಲೆ ನಿಮ್ಮ ಕೋಪ ಇಳಿಯಲಿ ಎಂದು ಕೇಳುತ್ತಿಲ್ಲ. ಅವರು ಹೀಗಿದ್ದಾರೆ ಎಂದು ನಿಮಗೆ ತಿಳಿದಿರಲಿ ಎಂದು ಬರೆದೆ.

ಶ್ಯಾಮಲಾ


ತಳಿ
22 ಸೆಪ್ಟೆಂಬರ್ 2024

ಬೀಗರಾದ ಆವುಲಪ್ಪನವ್ರಿಗೆ ಆದಿಲಕ್ಷ್ಮಮ್ಮ ಹೇಳಿ ಬರ್ಸೋದು. ಬರೀತಿರೋಳು ನಿಮ್ಮ ಶ್ಯಾಮಲಾ. ನಾನಂದಿದ್ದ ಅಂದಂಗೇ ಬರೀಬೇಕು ಅಂತ ಮೊದ್ಲೇ ಹೇಳಿವ್ನಿ, ತಿದ್ದಂಗಿಲ್ಲ.

ಅಲ್ಲ ಕಣಣ್ಣಾ, ಹುಡ್ಗಿ ಹಲ್ಗೆ ಕಳ್ಸಿ ಒಂದೂವರೆ ತಿಂಗ್ಳಾತು. ಚೆನ್ನಾಗದೆ ಅಂತಾನೂ ಇಲ್ಲ, ಕೆಟ್ಟದಾಗದೆ ಅಂತಾನೂ ಇಲ್ಲ. ಕೇಳಿಸ್ದಿರೋದು ಕಿವೀಗೆ, ಬರಿಯೋ ಕೈಗೇನಾಗದೆ? ಇವ್ಳು ದಿನಾ ಪೋಸ್ಟಿನೋರ ದಾರಿ ನೋಡ್ತಾ ಹೊಸ್ಲಲ್ಲಿ ಕೂತ್ಕಂತಾಳೆ. ನಂಗೆ ನೋಡಕ್ಕಾಗಲ್ಲ.

ನಾನು ಫ್ಯೂಸು ಕಿತ್ತಿದ್ದು ಇವ್ಳ ಮ್ಯಾಲೆ ಹಟಕ್ಕಲ್ಲ. ನಮ್ಮನೆಗೆ ಬಂದು ಹನ್ನೊಂದು ವರ್ಸ ಆತು, ಒಂದು ದಿನ ಎದುರು ಮಾತಾಡಿಲ್ಲ. ಇಂಥ ಸೊಸೆ ಕೈಗೆ ಏನಾದ್ರೂ ಆದ್ರೆ ನಾನು ಬದ್ಕಿರಕ್ಕಾಗ್ತದಾ? ಈ ಮಾತ ಬರೀಬೇಡ ಅಂದ್ರೆ ಬರೀತಾವ್ಳೆ ನೋಡಿ. ಬರ್ಕೊಳ್ಲಿ ಬುಡಿ.

ಇವ್ಳು ಆಮ್ಯಾಕೆ ಮಾಡಿದ ಇನ್ನೊಂದು ಹಲ್ಗೆ ಮ್ಯಾಲೆ ಮೊನ್ನೆ ಬೀನ್ಸ್ ಕುಯ್ದೆ. ಏನೋ ಪರ್ವಾಗಿಲ್ಲ. ನಿತ್ಕಂಡೇ ಕುಯ್ಬೋದು, ಮಂಡಿ ನೋಯಲ್ಲ. ಅದುಕ್ಕೂ ಮುಂಚೆ ನಮ್ಮ ವೇಣು ನಾನೂ ಒಂದು ಮಾಡ್ತೀನಿ ಅಂತ ಬೇವಿನ ಹಲ್ಗೆ ಮಾಡಿದ್ದ. ಅದ್ರ ಮ್ಯಾಲೆ ಸೌತೆಕಾಯಿ ಕುಯ್ದು ಪಚಡಿ ಮಾಡ್ದೆ, ಮನೆಯೋರೆಲ್ಲ ಅದ ತಿಂದು ಯುಗಾದಿ ಮಾಡಿದ್ವಿ. ಈಗ ಅದ ಹಂಡೆ ಒಲೆ ಮುಂದ್ಕೆ ಇಟ್ಕಂಡಿವ್ನಿ, ಕೂತ್ಕಳಕ್ಕೆ.

ಬರೋ ತಿಂಗ್ಳು ಹನ್ನೊಂದಕ್ಕೆ ಆಯುಧಪೂಜೆ. ಓಡ್ದಿರೋ ಮಿಷನ್ನಿಗೆ ಅರ್ಶಿನ ಕುಂಕುಮ ಇಕ್ಕಕ್ಕೆ ನಂಗೆ ಮನ್ಸಿಲ್ಲ. ನೀವು ಬಂದು ನೋಡಿ, ಸೈ ಅನ್ನಿ, ಇಲ್ಲ ಬ್ಯಾಡ ಅನ್ನಿ. ಬ್ಯಾಡ ಅಂದ್ರೂ ನಾನು ಒಪ್ತೀನಿ. ಬರ್ದಂಗೆ ಮಾತ್ರ ಇರ್ಬ್ಯಾಡಿ. ಹೋಳಿಗೆ ಮಾಡಿರ್ತೀನಿ.

ಹೇಳಿದೋಳು,
ಆದಿಲಕ್ಷ್ಮಮ್ಮ

(ಮಾವ, ನಾನು ಹೊಸ್ತಿಲಲ್ಲಿ ಕೂರುವುದು ಬಟಾಣಿ ಬಿಡಿಸಲಿಕ್ಕೆ. ಪೋಸ್ಟಿನವರ ದಾರಿಯನ್ನೂ ನೋಡುತ್ತೇನೆ, ಸುಳ್ಳೇಕೆ ಹೇಳಲಿ. — ಶ್ಯಾ.)


ಸೂಳಗಿರಿ
2 ಅಕ್ಟೋಬರ್ 2024

ಶ್ಯಾಮಲಾ,

ನಿನ್ನ ಹಲಗೆ ನನ್ನ ಮುಂದೆಯೇ ಇದೆ. ಅದರ ಮೇಲೇ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಗಂಗಾದೇವಿ ಅದರ ಮೇಲೆ ಚಾಕು ಇಡಲು ಬಿಟ್ಟಿಲ್ಲ, ದೇವರ ಫೋಟೋ ಪಕ್ಕ ಒರಗಿಸಿದ್ದಾಳೆ. ಒಂದು ಜಾಯಿಂಟಿನಲ್ಲಿ ಕೂದಲೆಳೆಯಷ್ಟೂ ಸಂದಿಲ್ಲ. ಎರಡನೆಯದರಲ್ಲಿ ಸ್ವಲ್ಪ ಇದೆ, ಅಲ್ಲಿ ನೀರು ನಿಲ್ಲುತ್ತದೆ, ಇನ್ನೊಂದು ಮಾಡುವಾಗ ನೋಡಿಕೋ. ಇದು ಚೆನ್ನಾಗಿದೆ. ಇದನ್ನು ಹೇಳಲು ಒಂದೂವರೆ ತಿಂಗಳು ಬೇಕಾಗಿರಲಿಲ್ಲ. ಬೇಕಾದದ್ದು ಬೇರೆಯದಕ್ಕೆ.

ಆ ದಿನ ಏನಾಯಿತು ಎಂದು ನೀನು ಕೇಳಿದ್ದೆ. ಈಗ ಹೇಳುತ್ತೇನೆ.

ಮಧ್ಯಾಹ್ನ ಎರಡು ಗಂಟೆಯ ಹೊತ್ತು. ನಾನು ಪಟ್ಟಿ ಕೊಯ್ಯುತ್ತಿದ್ದಾಗ ಕರೆಂಟು ಹೋಯಿತು. ಬ್ಲೇಡು ನಿಂತಿತು. ಒಂದು ಚೂರು ಬ್ಲೇಡಿಗೂ ಮೇಜಿಗೂ ನಡುವೆ ಸಿಕ್ಕಿಕೊಂಡಿತ್ತು. ಬ್ಲೇಡನ್ನು ಮುಚ್ಚುವ ಗಾರ್ಡು ಇತ್ತಲ್ಲ, ಅದನ್ನು ನಾನೇ ಎಂದೋ ಬಿಚ್ಚಿ ಮೂಲೆಗೆ ಹಾಕಿದ್ದೆ, ಕೆಲಸ ಬೇಗ ಆಗಲಿ ಎಂದು. ಸ್ವಿಚ್ ಆರಿಸಲಿಲ್ಲ. ನಿಂತಿದೆಯಲ್ಲ ಎಂದುಕೊಂಡು ಎಡಗೈ ಹಾಕಿ ಆ ಚೂರನ್ನು ಕೀಳಲು ಹೋದೆ. ಕರೆಂಟು ಬಂತು.

ನಿಮ್ಮಪ್ಪ ಆಗ ಸ್ವಿಚ್‌ಬೋರ್ಡಿನ ಹತ್ತಿರ ನಿಂತಿದ್ದರು, ನಿಜ. ಅವರ ಊಟದ ಡಬ್ಬಿ ಅದರ ಪಕ್ಕದ ಮೊಳೆಗೆ ನೇತು ಹಾಕಿತ್ತು. ಅವರು ಸ್ವಿಚ್ ಮುಟ್ಟಲಿಲ್ಲ. ಅವರ ಮೊಣಕೈಯೂ ತಾಗಲಿಲ್ಲ. ನನಗೆ ಹೇಗೆ ಗೊತ್ತು ಎಂದರೆ, ಅದೇ ಗಳಿಗೆಗೆ ಮೇಲಿನ ಫ್ಯಾನು ತಿರುಗಿತು, ಮೂಲೆಯ ಬಲ್ಬು ಹತ್ತಿತು, ರಸ್ತೆ ಆಚೆಯ ಹಿಟ್ಟಿನ ಗಿರಣಿ ಶುರುವಾಯಿತು. ಅಷ್ಟನ್ನೂ ನಾನು ಕಂಡೆ. ಆಗ ಕಿವಿಯೂ ಇನ್ನೂ ಅಷ್ಟಿಷ್ಟು ಇತ್ತು.

ಆಸ್ಪತ್ರೆಯಲ್ಲಿ "ಹೆಂಗಾತು ಮೇಸ್ತ್ರಿ?" ಎಂದು ಕೇಳಿದರು. ಅವತ್ತು ಬೆಳಗ್ಗೆಯೇ ಕೆಲಸದವರನ್ನೆಲ್ಲ ನಿಲ್ಲಿಸಿಕೊಂಡು, ಕರೆಂಟು ಹೋದಾಗ ಸ್ವಿಚ್ ಆರಿಸದವನು ಕತ್ತೆ ಎಂದು ಬೈದಿದ್ದೆ. ಅವರೆಲ್ಲ ಮಂಚದ ಸುತ್ತ ನಿಂತಿದ್ದರು. ನನ್ನ ಬಾಯಿಂದ "ಭಾವ ಸ್ವಿಚ್ ಹಾಕ್ಬುಟ್ರು" ಎಂದು ಬಂತು. ನಾಳೆ ಸರಿ ಮಾಡೋಣ ಎಂದುಕೊಂಡೆ. ನಾಳೆ ಬಂದಾಗ ಆ ಮಾತು ಊರು ದಾಟಿಹೋಗಿತ್ತು. ಭಾವ ಬಂದು ನನ್ನ ಕಾಲ ಹತ್ತಿರ ನಿಂತು ಅತ್ತರು. "ತಪ್ಪಾಯ್ತು ಆವುಲಪ್ಪ" ಅಂದರು. ಮಾಡದ ತಪ್ಪಿಗೆ. ನಾನು ಮುಖ ಆ ಕಡೆ ತಿರುಗಿಸಿದೆ. ಅದನ್ನು ಎಲ್ಲರೂ ಕೋಪ ಎಂದುಕೊಂಡರು. ನಾಚಿಕೆ ಅದು ಶ್ಯಾಮಲಾ. ಒಂಬತ್ತು ವರ್ಷವೂ ಅದೇ.

ಅವರು ನನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದಾರೆ ಎಂದೇ ತಿಳಿದಿದ್ದೆ. ತಮ್ಮ ಕೈಯನ್ನೇ ನಂಬದೆ ಕೂತಿದ್ದಾರೆ ಎಂದು ನೀನು ಬರೆಯುವ ತನಕ ಗೊತ್ತಿರಲಿಲ್ಲ. ನಿನ್ನ ಆ ಕಾಗದ ಓದಿದ ದಿನದಿಂದ ಅನ್ನ ಇಳಿಯುತ್ತಿಲ್ಲ. ನನ್ನ ಎರಡು ಬೆರಳು ಹೋದವು, ಅವರ ಎರಡು ಕೈಯನ್ನೂ ನಾನು ತೆಗೆದುಕೊಂಡೆ.

ಈ ಕಾಗದವನ್ನು ಅವರಿಗೆ ಓದಿ ಹೇಳಬೇಡ, ಕೈಗೇ ಕೊಡು. ಅವರು ಏನು ಹೇಳಿದರೂ ಸರಿ. ಬೇಕಾದರೆ ಊರವರ ಮುಂದೆ ನಿಂತು ಇಷ್ಟನ್ನೂ ಹೇಳುತ್ತೇನೆ. ಅವರು ಬಾ ಎಂದರೆ ಮಾತ್ರ ನಾನು ತಳಿಗೆ ಬರುತ್ತೇನೆ. ಇಲ್ಲವೆಂದರೆ ನಿನ್ನ ಶೆಡ್ಡಿಗೆ ಬೇರೆ ಮೇಸ್ತ್ರಿಯನ್ನು ಹುಡುಕಿಕೊಳ್ಳಿ, ಆದಿಲಕ್ಷ್ಮಮ್ಮನವರಿಗೂ ನಿಜ ತಿಳಿಸು. ಅವರು ನಂಬಿದ ಮೇಸ್ತ್ರಿ ಇಂಥವನು.

ಆವುಲಪ್ಪ


ತೊರಪಲ್ಲಿ ಅಗ್ರಹಾರ
8 ಅಕ್ಟೋಬರ್ 2024

ಆವುಲಪ್ಪನಿಗೆ,

ನಿನ್ನ ಕಾಗದವನ್ನು ಶ್ಯಾಮಲಾ ಭಾನುವಾರ ತಾನೇ ಬಂದು ಕೊಟ್ಟಳು. ಕೊಟ್ಟು, ಅವಳಮ್ಮನ ಹತ್ತಿರ ಅಡುಗೆಮನೆಗೆ ಹೋದಳು. ನಾನು ಜಗಲಿಯಲ್ಲಿ ಕೂತು ಓದಿದೆ. ಮಡಿಸಿಟ್ಟು, ಬಿಚ್ಚಿ ಮತ್ತೆ ಓದಿದೆ. ಫ್ಯಾನು ತಿರುಗಿತು, ಬಲ್ಬು ಹತ್ತಿತು ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಆಮೇಲೆ ಎದ್ದು ಮನೆಯಲ್ಲಿದ್ದ ಸ್ವಿಚ್ಚುಗಳನ್ನೆಲ್ಲ ಹಾಕಿದೆ. ಬೆಳಗ್ಗೆ ಹನ್ನೊಂದು ಗಂಟೆ, ಬಿಸಿಲು ಚೆನ್ನಾಗಿಯೇ ಇತ್ತು. ನಡುಮನೆಯದು, ಕೋಣೆಯದು, ದೇವರ ಮನೆಯದು, ಬಚ್ಚಲಿನದು, ಒಂದನ್ನೂ ಬಿಡಲಿಲ್ಲ. ಖಾಲಿ ಮಿಕ್ಸಿಯನ್ನೂ ಓಡಿಸಿದೆ. ನಿಮ್ಮ ಅಕ್ಕ ಸೌಟು ಹಿಡಿದುಕೊಂಡೇ ಓಡಿ ಬಂದು "ಏನ್ ಬಂತು ನಿಮ್ಗೆ?" ಅಂದಳು. "ಕೈ ಬಂತು ಕಣೇ" ಅಂದೆ. ತೋಟಕ್ಕೆ ಹೋಗಿ ಪಂಪಿನ ಹಸಿರು ಗುಂಡಿ ಒತ್ತಿದೆ. ಹಿಂದಿನ ದಿನವೇ ಮಳೆ ಬಂದಿತ್ತು, ಗುಲಾಬಿಗೆ ನೀರು ಬೇಕಿರಲಿಲ್ಲ. ಆದರೂ ಬಿಟ್ಟೆ. ನೀರು ಬರುವುದನ್ನು ನೋಡುತ್ತಾ ಬದುವಿನ ಮೇಲೆ ಕೂತು ಅತ್ತೆ. ಮಗಳೂ ಬಂದು ಪಕ್ಕದಲ್ಲಿ ಕೂತಳು.

ಸಿಟ್ಟಿದೆ ಆವುಲಪ್ಪ. ಬಹಳ ಸಿಟ್ಟಿದೆ. ನೀನು ಒಂದು ಮಾತು ಹೇಳಿಬಿಟ್ಟೆ, ನಾನು ಅದನ್ನು ಹೊತ್ತುಕೊಂಡು ಒಂಬತ್ತು ವರ್ಷ ತಿರುಗಿದೆ. ಕ್ಷಮಿಸಿದ್ದೇನೆ ಎಂದು ಈಗಲೇ ಬರೆದರೆ ಅದು ಸುಳ್ಳಾಗುತ್ತದೆ. ನಮ್ಮಿಬ್ಬರ ನಡುವೆ ಇಷ್ಟು ದಿನ ಇದ್ದ ಒಂದು ಸುಳ್ಳೇ ಸಾಕು. ಊರವರ ಮುಂದೆ ನಿಲ್ಲುವುದೇನೂ ಬೇಡ. ನನ್ನ ಮುಂದೆ ಬಂದು ನಿಲ್ಲು.

ಶುಕ್ರವಾರ ಬಾ. ಬೆಳಗ್ಗೆ ಒಂಬತ್ತಕ್ಕೆ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ತಳಿ ಬಸ್ಸು ನಿಲ್ಲುವ ಕಡೆ ಇರುತ್ತೇನೆ. ಮೊದಲು ಬೈಯುತ್ತೇನೆ. ನಿನಗೆ ಕೇಳಬೇಕಾದರೆ ಬಸ್ ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಕೂಗಬೇಕಾಗುತ್ತದೆ, ಕೂಗುತ್ತೇನೆ, ನನಗೆ ನಾಚಿಕೆಯಿಲ್ಲ. ಬೈದು ಮುಗಿದ ಮೇಲೆ ಕಾಫಿ ಕುಡಿಯೋಣ. ಶ್ಯಾಮಲಾ ಆದಿಲಕ್ಷ್ಮಮ್ಮನವರಿಗೆ ಎಲ್ಲ ತಿಳಿಸಿದ್ದಾಳೆ. "ತಪ್ಪು ಮಾಡಿ ಒಪ್ಕಂಡೋರೇ ಬೇಕು, ಅಂಥೋರ್ಗೇ ಗೊತ್ತಿರ್ತದೆ ಎಲ್ಲಿ ಕೈ ಇಕ್ಕಬಾರ್ದು ಅಂತ" ಅಂದರಂತೆ. ಫ್ಯೂಸನ್ನು ನಿನ್ನ ಕೈಗೇ ಕೊಡುತ್ತಾರಂತೆ.

ನೀನು ನಿಧಾನವಾಗಿ ನೋಡು. ಗಾರ್ಡು ನೋಡು, ಬ್ಲೇಡು ನೋಡು, ನೆಲ, ಬೆಳಕು, ವೈರು, ಒಂದನ್ನೂ ಬಿಡಬೇಡ. ಮಗಳ ಕೈ ಅದು. ಸಂಜೆಯಾದರೂ ಪರವಾಗಿಲ್ಲ, ನಾವು ಕಾಯುತ್ತೇವೆ. ಎಲ್ಲ ಸರಿ ಇದೆ ಎಂದು ನಿನಗೆ ಅನ್ನಿಸಿದ ಮೇಲೆ ಹಿಂದಕ್ಕೆ ಸರಿದು ನಿಂತುಕೋ.

ಸ್ವಿಚ್ ನಾನು ಹಾಕುತ್ತೇನೆ.

ನಿನ್ನ ಭಾವ,
ಜಯರಾಮಯ್ಯ